ರಾಂಗೆಲನ ಕಾಲುಚೀಲ

ರಾಂಗೆಲ್ ಸಾಯುವುದಕ್ಕೆ ಒಂದು ಇಡೀ ಬೆಳಗನ್ನು ತೆಗೆದುಕೊಂಡ. ಗುಂಡು ಹೊಕ್ಕುಳಿನ ಪಕ್ಕ ನುಗ್ಗಿ ಒಳಗೇ ಉಳಿದಿತ್ತು. ಕುರಿದೊಡ್ಡಿಯ ಕಲ್ಲುಗೋಡೆಗೆ ಬೆನ್ನು ಕೊಟ್ಟು, ಎರಡೂ ಕೈಯಿಂದ ಹೊಟ್ಟೆ ಒತ್ತಿ ಹಿಡಿದು, ಕೆಳಗಿನ ಇಳಿಜಾರಿನಲ್ಲಿ ತುರ್ಕಿ ಸುಲ್ತಾನನ ಸಿಪಾಯಿಗಳು ಕೂಗಾಡುವುದನ್ನು ಕೇಳುತ್ತ ಕೂತಿದ್ದ. ಗೋಡೆಯ ಬಿರುಕಿನಲ್ಲಿ ನಳಿಗೆ ತೂರಿಸಿ ತ್ರಾಯನ್ ಗುಂಡು ಹಾರಿಸುತ್ತಿದ್ದ. ದೊಡ್ಡಿಯ ಇನ್ನೊಂದು ಮೂಲೆಯಲ್ಲಿ ಲಾಂಬ್ರೋ ಇದ್ದ. ಬೇಸಿಗೆಯಲ್ಲಿ ಬಂಡಾಯ ಎದ್ದಾಗ ರಾಂಗೆಲ್ ನಾಯಕನಾಗಿ ಅರವತ್ತು ಜನರಿದ್ದ ತಂಡದಲ್ಲಿ ಈಗ ಉಳಿದವರು ಈ ಮೂವರೇ.

"ಎಷ್ಟು ಜನ ಇದಾರೋ?" ಎಂದ ರಾಂಗೆಲ್.

"ಮೂವತ್ತು. ನಲವತ್ತೂ ಇರಬಹುದು."

"ಹನ್ನೊಂದು ವರ್ಷ ಹವಾಲ್ದಾರ ಆಗಿದ್ದೋನು ನೀನು. ಮೂವತ್ತೋ ನಲವತ್ತೋ ಸರಿಯಾಗಿ ಹೇಳೋಕೆ ಬರಲ್ವಾ?"

"ಇದ್ದೋರನ್ನ ಕಡಿಮೆ ಮಾಡ್ತಾ ಇದೀನಲ್ಲ, ಲೆಕ್ಕ ನಿಲ್ಲೋದಿಲ್ಲ," ಎಂದ ತ್ರಾಯನ್ ತಿರುಗಿ ನೋಡದೆ.

ರಾಂಗೆಲ್ ನಕ್ಕ. ನಗು ಹೊಟ್ಟೆಗೆ ತಾಗಿ ಬಾಯಿಗೆ ರಕ್ತ ಬಂತು.

ತ್ರಾಯನ್ ಗಡಿಯಾಚೆಯ ಬಲ್ಗೇರಿಯದವನು, ಪ್ಲೊವ್ದಿವ್ ಪಟ್ಟಣದ ದಂಡಿನಲ್ಲಿ ಹಳ್ಳಿ ಹುಡುಗರಿಗೆ ಎಡಗಾಲು ಬಲಗಾಲು ಕಲಿಸುತ್ತಿದ್ದವನು. ಮ್ಯಾಸಿಡೋನಿಯದಿಂದ ಓಡಿಬಂದವರ ಕತೆಗಳನ್ನು ಕೇಳಿ ಕೇಳಿ, ಒಂದು ಭಾನುವಾರ ಸಮವಸ್ತ್ರವನ್ನು ನೀಟಾಗಿ ಮಡಿಸಿ ಮಂಚದ ಮೇಲಿಟ್ಟು ಬೆಟ್ಟ ದಾಟಿ ಬಂದಿದ್ದ. ಬಂದವನನ್ನು ಮೊದಲು ಗೇಲಿ ಮಾಡಿದವನೂ, ಮೊದಲು ರೊಟ್ಟಿ ಮುರಿದು ಕೊಟ್ಟವನೂ ಈ ರಾಂಗೆಲ್. ಕಸುಬಿನಿಂದ ಗಾರೆಯವನು, ಊರು ಗಾಬೆರ್. ಮೂರು ವರ್ಷದ ಹಿಂದೆ ಇಬ್ಬರೂ ಹೆಬ್ಬೆರಳು ಕುಯ್ದುಕೊಂಡು, ರಕ್ತ ಬೆರೆಸಿದ ದ್ರಾಕ್ಷಾರಸ ಕುಡಿದು ಅಣ್ಣತಮ್ಮಂದಿರಾಗಿದ್ದರು. ಆಗ ಕೊಟ್ಟುಕೊಂಡ ಮಾತು ಒಂದೇ: ಯಾರು ಮೊದಲು ಬಿದ್ದರೂ ಉಳಿದವನು ಅವನ ತಲೆಯನ್ನು ಕಡಿದು ಒಯ್ಯಬೇಕು.

ಬಂಡುಕೋರರಲ್ಲಿ ಎಲ್ಲರೂ ಕೊಡುವ ಮಾತೇ ಅದು. ತಲೆ ಸಿಕ್ಕರೆ ಸಿಪಾಯಿಗಳು ಅದನ್ನು ಪಟ್ಟಣದ ಸೇತುವೆಯ ಮೇಲೆ ಗಳುವಿಗೆ ಸಿಕ್ಕಿಸಿ, ಸುತ್ತಲಿನ ಹಳ್ಳಿಗಳ ಹೆಂಗಸರನ್ನು ಸಾಲಾಗಿ ಅದರ ಮುಂದೆ ನಡೆಸುತ್ತಿದ್ದರು. ಯಾವಳ ಕಣ್ಣು ತುಂಬಿತೋ ಅವಳ ಊರಿಗೆ ಬೆಂಕಿ. ವಸಂತದಲ್ಲಿ ಕೂಜ್ಮಾನ್ ಎಂಬವನು ಬಿದ್ದಾಗ ತ್ರಾಯನ್ ಅವನ ಪಕ್ಕದಲ್ಲೇ ಇದ್ದ, ಬಾಕು ಹಿಡಿದ ಕೈ ಮೇಲೇಳಲಿಲ್ಲ, ಬಿಟ್ಟು ಓಡಿದ. ಕೂಜ್ಮಾನನ ತಾಯಿ ಸೇತುವೆಯ ಮೇಲೆ ಒಂದೇ ಒಂದು ಸಲ ಕೂಗಿದಳಂತೆ. ಅವರ ಊರು ರಾಕಿತದಲ್ಲಿ ಮೂವತ್ತೆಂಟು ಮನೆ. ಎರಡು ದಿನ ಹೊಗೆ ಏಳುತ್ತಿದ್ದುದನ್ನು ತ್ರಾಯನ್ ಎದುರು ಗುಡ್ಡದಿಂದ ನೋಡಿದ್ದ. ಯಾರೂ ಅವನಿಗೆ ಒಂದು ಮಾತೂ ಅನ್ನಲಿಲ್ಲ. ಅದೇ ಅವನಿಗೆ ತಡೆಯಲಾಗದ್ದು.

"ತ್ರಾಯನ್," ಎಂದ ರಾಂಗೆಲ್. ದನಿ ಸಣ್ಣಗಾಗಿತ್ತು. "ಈ ಸಲ ಕೈ ನಡುಗಬಾರದು."

"ನಡುಗಲ್ಲ."

"ಗಾಬೆರ್‌ನಲ್ಲಿ ನಲವತ್ತು ಮನೆ ಇದೆ. ದಾಫಿನಾ ಇದಾಳೆ. ಇಬ್ಬರು ಹೆಣ್ಮಕ್ಕಳು."

"ಗೊತ್ತು ಕಣೋ."

"ದಾಫಿನಾ ಸೇತುವೆ ಮೇಲೆ ನಡೀಬಾರದು."

ಅಷ್ಟು ಹೇಳಿ ಅವನು ಗಡ್ಡವನ್ನು ಎದೆಗೆ ಇಳಿಬಿಟ್ಟ. ಸ್ವಲ್ಪ ಹೊತ್ತಿಗೆ ಲಾಂಬ್ರೋ ತೆವಳುತ್ತ ಬಂದು ಅವನ ಮೂಗಿನ ಬಳಿ ಅಂಗೈ ಹಿಡಿದು, ಟೋಪಿ ತೆಗೆದು, "ದೇವರು ಕ್ಷಮಿಸಲಿ" ಎಂದ. ಮತ್ತೆ ಟೋಪಿ ಹಾಕಿಕೊಂಡು, "ಬೇಗ ಆಗಲಿ ಅಣ್ಣ. ಮಂಜು ಇಳೀತಾ ಇದೆ. ಮಂಜು ಇರೋವಾಗಲೇ ಕೊರಕಲಿಗೆ ಇಳೀಬೇಕು," ಎಂದ.

ಲಾಂಬ್ರೋ ಆ ಕಡೆಯ ಕುರುಬ. ಕುರಿ ಕುಯ್ದ ಕೈ ಅವನದು. ಅವನೇ ಮಾಡುತ್ತೇನೆಂದು ಮುಂದೆ ಬಂದ. ತ್ರಾಯನ್ ಅವನನ್ನು ತಳ್ಳಿದ. ಲಾಂಬ್ರೋ ಕೂದಲು ಹಿಡಿದು ತಲೆಯನ್ನು ಹಿಂದಕ್ಕೆ ಎಳೆದುಕೊಂಡ. ಬಾಕು ಹರಿತವಾಗಿಯೇ ಇತ್ತು, ಆದರೂ ಕತ್ತಿನ ಹಿಂದಿನ ಮೂಳೆಯ ಹತ್ತಿರ ನಿಂತಿತು. ತ್ರಾಯನ್ ಮಂಡಿಯನ್ನು ಆ ಎದೆಯ ಮೇಲೆ ಊರಿ, ಬಾಕನ್ನು ಅಲ್ಲಾಡಿಸಿ ಸಂದು ಹುಡುಕಿ, ಭಾರ ಹಾಕಿದ. ರಕ್ತ ಅಷ್ಟೇನೂ ಬರಲಿಲ್ಲ. ಬರಬೇಕಾದದ್ದು ಬೆಳಗಿನಿಂದಲೇ ಹೋಗಿತ್ತು. ಕೈ ನಡುಗಲಿಲ್ಲ. ನಡುಗದ್ದಕ್ಕೆ ಅವನಿಗೇ ಒಂದು ಬಗೆಯ ಭಯವಾಯಿತು.

ತಲೆಯನ್ನು ಉಣ್ಣೆಯ ಹೆಗಲುಚೀಲಕ್ಕೆ ಹಾಕಿಕೊಂಡರು. ಲಾಂಬ್ರೋ ಉಳಿದಿದ್ದ ಒಂದೇ ಬಾಂಬಿನ ಬತ್ತಿಗೆ ಸಿಗರೇಟು ತಾಗಿಸಿ ಗೋಡೆಯಾಚೆ ಎಸೆದ. ಅಲ್ಲಿ ಯಾರೋ ತಾಯಿಯನ್ನು ಕೂಗಿಕೊಂಡರು. ಇವರಿಬ್ಬರೂ ಹಿಂದಿನ ಕಂಡಿಯಿಂದ ನುಸುಳಿ, ಮಂಜಿನೊಳಗೆ, ಕೂತು ಜಾರಿಕೊಂಡೇ ಕೊರಕಲಿನ ತಳ ಸೇರಿದರು.

ಒಂದು ಗಂಟೆ ನಡೆದ ಮೇಲೆ ಒರತೆಯ ಹತ್ತಿರ ನಿಂತರು. ತ್ರಾಯನ್ ಮೊಣಕೈವರೆಗೂ ತೊಳೆದುಕೊಂಡ. ಲಾಂಬ್ರೋ ಕಲ್ಲಿನ ಮೇಲೆ ಕೂತು, ಚರ್ಮದ ಜೋಡು ಬಿಚ್ಚಿ, ನೆನೆದ ಕಾಲುಚೀಲಗಳನ್ನು ಕಳಚಿ ಹಿಂಡತೊಡಗಿದ. ಕಪ್ಪು ಉಣ್ಣೆಯ ಮೇಲೆ ಕೆಂಪು ಕೊಕ್ಕೆಗಳ ಸಾಲು. ಹಿಂಡುತ್ತಿದ್ದ ಕೈ ಹಾಗೇ ನಿಂತಿತು.

"ತ್ರಾಯನಣ್ಣ. ಅವನ ಕಾಲಲ್ಲಿ ಏನಿತ್ತು?"

"ಯಾರ ಕಾಲಲ್ಲಿ?"

"ನಾಯಕನ ಕಾಲಲ್ಲಿ! ಕಾಲುಚೀಲ ತೆಗೆದ್ಯಾ?"

ತ್ರಾಯನನಿಗೆ ಅರ್ಥವಾಗಲಿಲ್ಲ. "ಯಾಕೆ ತೆಗೀಬೇಕು?"

"ಅಯ್ಯೋ ನಿನ್ನ ದಂಡು ಹಾಳಾಗ! ನೀವೆಲ್ಲ ಕಾಲಿಗೆ ಹರಕು ಬಟ್ಟೆ ಸುತ್ಕೊಂಡು ಬೂಟು ಹಾಕೋ ಜನ, ನಿಮಗೇನು ಗೊತ್ತು?" ಲಾಂಬ್ರೋ ತನ್ನ ಒದ್ದೆ ಕಾಲುಚೀಲವನ್ನು ಅವನ ಮುಖದ ಮುಂದೆ ಹಿಡಿದ. "ನೋಡು. ಈ ಕೊಕ್ಕೆ ಇದೆಯಲ್ಲ, ಇದು ನಮ್ಮೂರಿಂದು. ಪಕ್ಕದ ಊರಲ್ಲಿ ಕೊಕ್ಕೆ ಇಲ್ಲ, ಕೋಳಿಹೆಜ್ಜೆ. ಅದರಾಚೆ ಊರಲ್ಲಿ ಹಿಮ್ಮಡಿಗೆ ಹಳದಿ ನೂಲು. ಸಂತೆಯಲ್ಲಿ ಯಾವ ಮುದುಕಿಗೆ ತೋರಿಸಿದ್ರೂ ಊರಿನ ಹೆಸರು ಹೇಳ್ತಾಳೆ. ನಾವು ತಲೆ ಹೊತ್ಕೊಂಡು ಬಂದಿದೀವಿ, ಹೆಸರು ಅಲ್ಲೇ ಬಿಟ್ಟು ಬಂದಿದೀವಿ!"

ತ್ರಾಯನ್ ಕಲ್ಲಿನ ಮೇಲೆ ಕೂತ. ಅಂಗಿ, ಸೊಂಟಪಟ್ಟಿ ಎಲ್ಲ ತಂಡದವು, ಸೋಫಿಯ ಪಟ್ಟಣದ ಒಬ್ಬನೇ ದರ್ಜಿ ಹೊಲಿದವು. ಅವುಗಳಿಂದ ಏನೂ ತಿಳಿಯುವಂತಿರಲಿಲ್ಲ. ಜೇಬುಗಳನ್ನೂ ಅವನೇ ಬರಿದು ಮಾಡಿದ್ದ. ಮೊಣಕಾಲಿನ ಕೆಳಗೆ ಮಾತ್ರ ನೋಡಿರಲಿಲ್ಲ.

"ನೀನು ನೋಡಿದ್ಯಾ? ಅದರ ಮೇಲೆ ಏನಿತ್ತು?" ಎಂದ.

"ಮೇಲೆ ಮೊಣಕಾಲವರೆಗೂ ಪಟ್ಟಿ ಸುತ್ತಿದ್ದ, ನಾನೆಲ್ಲಿ ನೋಡ್ಲಿ? ಹೆಂಡತಿ ಹೆಣೆದು ಕಳ್ಸಿರ್ತಾಳೆ. ಎಲ್ಲರ ಹೆಂಡ್ತೀರೂ ಕಳಿಸ್ತಾರೆ."

ರಾಕಿತದ ಹೊಗೆ ತ್ರಾಯನನ ಕಣ್ಣಿಗೆ ಕಟ್ಟಿತು. ಅಂದು ಹೇಡಿಯಾಗಿ ಒಂದು ಊರನ್ನು ಸುಟ್ಟೆ. ಇಂದು ಗಟ್ಟಿಯಾಗಿ ನಿಂತು ಇನ್ನೊಂದನ್ನು ಸುಡುತ್ತೇನೆಯೇ? ಅವನು ಎದ್ದ. "ಹೆಣವನ್ನ ಯಾವ ದಾರೀಲಿ ಒಯ್ತಾರೆ?"

"ಇನ್ಯಾವ ದಾರಿ? ಎತ್ತಿನ ಗಾಡಿ, ಹೊಳೆ ದಾಟೋ ಜಾಗ, ಆಮೇಲೆ ಪಟ್ಟಣ." ಲಾಂಬ್ರೋ ಆಗಲೇ ಕಾಲುಚೀಲ ಏರಿಸಿಕೊಳ್ಳುತ್ತಿದ್ದ. "ನನ್ನ ಹತ್ರ ಏಳು ಗುಂಡು ಇದೆ. ನಿನ್ನ ಹತ್ರ?"

"ನಾಲ್ಕು."

"ಹಾಗಾದ್ರೆ ಹನ್ನೆರಡನೆಯವನಿಗೆ ಕೈಮುಗಿದು ಕೇಳ್ಕೊಳ್ಳೋಣ."

ಹೆಗಲುಚೀಲವನ್ನು ಒರತೆಯ ಪಕ್ಕದ ಕಲ್ಲುಗಳ ಅಡಿ ಮುಚ್ಚಿಟ್ಟು ಇಬ್ಬರೂ ಓಡಿದರು.

ಹೊಳೆಯ ದಡದಲ್ಲಿ ಕಟಾವಾಗದ ಜೋಳದ ಹೊಲವಿತ್ತು. ಗಾಡಿ ಬಂದಾಗ ಸೂರ್ಯ ಪಡುವಣಕ್ಕೆ ವಾಲಿದ್ದ. ಹೊಡೆಯುತ್ತಿದ್ದವನು ದೀನೋ ಎಂಬ ಮುದುಕ, ಅದೇ ಕಣಿವೆಯ ರೈತ. ಎತ್ತು ಗಾಡಿ ಎರಡನ್ನೂ ಸಿಪಾಯಿಗಳು ಬಲವಂತದಿಂದ ಹಿಡಿದು ತಂದಿದ್ದರು. ಗಾಡಿಯ ಹಿಂದೆ ಮುಂದೆ ಐದು ಜನ. ಉಳಿದವರು ಇನ್ನೂ ಗುಡ್ಡದಲ್ಲಿ ಇವರಿಬ್ಬರನ್ನೇ ಹುಡುಕುತ್ತಿದ್ದಿರಬೇಕು.

ಎತ್ತುಗಳು ನೀರಿಗೆ ಇಳಿದ ಕೂಡಲೇ ತ್ರಾಯನ್ ಹೊಡೆದ. ಮುಂದಿದ್ದ ಮೀಸೆಯವನು ಮುಖ ಅಡಿಯಾಗಿ ನೀರಿಗೆ ಬಿದ್ದ. ಲಾಂಬ್ರೋನ ಮೊದಲ ಗುಂಡು ಚಕ್ರಕ್ಕೆ ಬಡಿಯಿತು, ಎರಡನೆಯದು ಒಬ್ಬನ ಗಂಟಲಿಗೆ. ಅವನು ಎರಡೂ ಕೈಯಲ್ಲಿ ಕತ್ತು ಹಿಡಿದುಕೊಂಡು, ಏನೋ ಕಳೆದುಕೊಂಡವನಂತೆ ನೀರಿನಲ್ಲಿ ಸುತ್ತ ತಿರುಗಿ ಕುಸಿದ. ಇಬ್ಬರು ಗಾಡಿಯ ಮರೆಗೆ ನಿಂತು ತಿರುಗಿ ಹಾರಿಸಿದರು; ಒಂದು ಗುಂಡು ಲಾಂಬ್ರೋನ ಎಡಗೈಯ ಕಿರುಬೆರಳನ್ನು ಒಯ್ದಿತು. ಅವನು ಬೈಯುತ್ತ ಜೋಳದಿಂದ ಹೊರಬಿದ್ದು ನೀರಿಗೆ ಹಾರಿದ. ತ್ರಾಯನ್ ಇನ್ನೊಂದು ಬದಿಯಿಂದ ಬಂದು ಒಬ್ಬನನ್ನು ಬಂದೂಕಿನ ಹಿಡಿಯಿಂದ ಬಡಿದ, ಬಿದ್ದ ಮೇಲೂ ಬಡಿದ. ಹಿಡಿಯ ಮರ ಸೀಳಿದ ಮೇಲೆ ನಿಲ್ಲಿಸಿದ. ಇನ್ನೊಬ್ಬನನ್ನು ಲಾಂಬ್ರೋ ನೀರಿನೊಳಗೆ ಅದುಮಿ ಹಿಡಿದುಕೊಂಡಿದ್ದ. ಕಾಲು ಒದ್ದಾಡುವುದು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಎತ್ತುಗಳು ಆ ಕೆಂಪು ನೀರನ್ನು ಮೂಸಿ ಮುಖ ತಿರುಗಿಸಿದವು.

ತ್ರಾಯನ್ ಗಾಡಿಗೆ ಹಾರಿ ಹುಲ್ಲು ಸರಿಸಿದ. ತಲೆಯಿಲ್ಲದ ರಾಂಗೆಲ್. ಪಟ್ಟಿ ಬಿಚ್ಚಿತ್ತು. ಬರಿಗಾಲು.

"ಎಲ್ಲಿ?" ಎಂದು ಅವನು ದೀನೋನ ಕೊರಳಪಟ್ಟಿ ಹಿಡಿದ. "ಕಾಲುಚೀಲ ಎಲ್ಲಿ?"

"ನನ್ನನ್ಯಾಕಪ್ಪ ಹಿಡ್ಕೋತೀಯ? ಆ ನರೆಗಡ್ಡದೋನು ಹಾಕ್ಕೊಂಡ. ಅವನ ಬೂಟು ಬಾಯಿ ಬಿಟ್ಟಿತ್ತು, ಪಾಪ, ಚಳಿ ಚಳಿ ಅಂತಿದ್ದ. ಅಕೋ, ಓಡ್ತಾ ಇದಾನೆ!"

ಐದನೆಯವನು ಬಂದೂಕು ಬಿಸುಟು ಜೋಳದೊಳಗೆ ನುಗ್ಗಿದ್ದ. ತ್ರಾಯನ್ ಬೆನ್ನಟ್ಟಿದ. ಒಣಗಿದ ಗರಿಗಳು ಮುಖಕ್ಕೆ ಬಡಿಯುತ್ತಿದ್ದವು. ಹೊಲದ ಆಚೆ ಬದುವಿನ ಹತ್ತಿರ ಆ ಮನುಷ್ಯ ಉಸಿರು ಕಟ್ಟಿ ಕೂತುಬಿಟ್ಟಿದ್ದ. ವಯಸ್ಸು ನಲವತ್ತೈದಕ್ಕೆ ಕಡಿಮೆಯಿಲ್ಲ. ಎಲ್ಲೋ ಅನಟೋಲಿಯದ ಹೊಲದಿಂದ ಎಬ್ಬಿಸಿ ತಂದ ಮೀಸಲು ಪಡೆಯವನು. ಅವನು ಎರಡೂ ಕೈ ಎತ್ತಿದ. ಒಂದು ಕೈ ಇಳಿಸಿ ಎದೆಯೊಳಗಿಂದ ಹೊಗೆಸೊಪ್ಪಿನ ಡಬ್ಬಿ ತೆಗೆದು ಮುಂದಿಟ್ಟ. ಬೆಳ್ಳಿ ಉಂಗುರ ಬಿಚ್ಚಿ ಅದರ ಮೇಲಿಟ್ಟ.

ತ್ರಾಯನ್ ಬಂದೂಕಿನ ನಳಿಗೆಯಿಂದ ಅವನ ಕಾಲು ತೋರಿಸಿದ.

ಆ ಮನುಷ್ಯ ಕಾಲು ನೋಡಿಕೊಂಡ. ತ್ರಾಯನನ ಮುಖ ನೋಡಿದ. ಆಮೇಲೆ ತಿಳಿಯಿತು. ಅವನ ಮುಖ ಅರಳಿತು. ಇಷ್ಟೇನಾ, ಇದಕ್ಕೇನಾ ಇಷ್ಟೆಲ್ಲ ಎಂಬಂತೆ ತನ್ನ ಭಾಷೆಯಲ್ಲಿ ಏನೋ ಗೊಣಗುತ್ತ, ಬಾಯಿಬಿಟ್ಟ ಬೂಟುಗಳನ್ನು ಎಳೆದು ಹಾಕಿ, ಕಾಲುಚೀಲಗಳನ್ನು ಬಿಚ್ಚಿದ. ಮಣ್ಣು ಕೊಡವಿದ. ಒಂದರೊಳಗೊಂದು ಸೇರಿಸಿ, ಮನೆಯಲ್ಲಿ ಹೆಂಡತಿ ಮಡಿಸುವ ಹಾಗೆ ಮಡಿಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಅವನ ಹೆಬ್ಬೆರಳಿನ ಉಗುರು ಒಡೆದು ಕಪ್ಪಾಗಿತ್ತು.

ತ್ರಾಯನ್ ತೆಗೆದುಕೊಂಡ. ಉಣ್ಣೆ ಇನ್ನೂ ಬೆಚ್ಚಗಿತ್ತು.

ಬಿಟ್ಟುಬಿಡಬಹುದಿತ್ತು. ಆದರೆ ಬಿಟ್ಟರೆ ಇವನು ಪಟ್ಟಣಕ್ಕೆ ಹೋಗಿ ಹೇಳುತ್ತಾನೆ: ಅವರು ಬಂದದ್ದು ಕಾಲುಚೀಲಕ್ಕೆ, ಹಣಕ್ಕಲ್ಲ, ಬಂದೂಕಿಗಲ್ಲ. ಯಾಕೆ ಎಂದು ಅಲ್ಲಿ ಒಬ್ಬನಾದರೂ ಯೋಚಿಸುತ್ತಾನೆ. ಇವನನ್ನು ಕೂರಿಸಿ ಬಣ್ಣ ಯಾವುದು, ಗೆರೆ ಹೇಗಿತ್ತು ಎಂದು ಕೇಳುತ್ತಾರೆ. ನಲವತ್ತು ಮನೆ. ದಾಫಿನಾ. ಇಬ್ಬರು ಹೆಣ್ಣುಮಕ್ಕಳು. ತ್ರಾಯನ್ ಇದನ್ನೆಲ್ಲ ಎರಡು ಸಲ ಯೋಚಿಸಿದ. ಎರಡನೆಯ ಸಲ ಬೇರೆ ಉತ್ತರ ಬರಬಹುದೇನೋ ಎಂದು ಕಾದ. ಆ ಮನುಷ್ಯ ಬೂಟಿಗೆ ಮತ್ತೆ ಕೈ ಹಾಕಿದ್ದ, ಹೊರಡುವವನಂತೆ. ಬಗ್ಗಿದ ಆ ಕುತ್ತಿಗೆಗೆ ತ್ರಾಯನ್ ಬಾಕು ಇಳಿಸಿದ.

ಒಂಬತ್ತು ವರ್ಷದ ಮೇಲೆ ದೊಡ್ಡ ಯುದ್ಧ ಬಂದಾಗ ಅವನು ಮತ್ತೆ ಸಮವಸ್ತ್ರ ತೊಟ್ಟು ಎಷ್ಟೋ ಜನರನ್ನು ಕೊಂದ, ಪದಕವೂ ಬಂತು. ಆ ಯಾರ ಮುಖವೂ ನೆನಪಿನಲ್ಲಿ ಉಳಿಯಲಿಲ್ಲ. ಈ ಒಂದು ಕಪ್ಪು ಉಗುರು ಉಳಿಯಿತು.

ಹೊಳೆಗೆ ಮರಳಿದಾಗ ಲಾಂಬ್ರೋ ಕೈಗೆ ಬಟ್ಟೆ ಸುತ್ತಿಕೊಂಡು ದೀನೋನೊಡನೆ ವಾದಿಸುತ್ತಿದ್ದ.

"ಸುಮ್ನೆ ಹೋದ್ರೆ ನನ್ನ ನೇಣಿಗೆ ಹಾಕ್ತಾರೆ ಕಣಯ್ಯ," ಎನ್ನುತ್ತಿದ್ದ ಮುದುಕ. "ಹೊಡಿ. ಚೆನ್ನಾಗಿ ಹೊಡಿ. ಎಡಗಡೆ ಹೊಡಿ ಮಾತ್ರ, ಬಲಗಡೆ ಎರಡು ಹಲ್ಲು ಉಳಿದಿವೆ, ಅದರಲ್ಲೇ ಊಟ."

"ಅಜ್ಜ, ನಿನ್ನ ಹೊಡೆಯೋಕೆ ನಂಗೆ ಕೈ ಬರಲ್ಲ."

"ಇಬ್ಬರೂ ಸೇರಿ ನಾಲ್ಕು ಜನಾನ ಕೊಂದಿದೀರ, ನಂಗೊಂದು ಗುದ್ದೋಕೆ ನಾಚಿಕೆನಾ? ಹೊಡಿಯೋ ಕುರುಬನ ಮಗನೆ!"

ತ್ರಾಯನ್ ಬಂದವನೇ ಅವನ ಎಡಗೆನ್ನೆಗೆ ಹೊಡೆದ. ಮುದುಕ ಮರಳಿನ ಮೇಲೆ ಬಿದ್ದು, ರಕ್ತ ಉಗುಳಿ, "ಹಾಂ, ಇವನು ದಂಡಿನವನು," ಎಂದ ಮೆಚ್ಚುಗೆಯಿಂದ. ಅವನನ್ನು ಚಕ್ರಕ್ಕೆ ಕಟ್ಟಿದರು. ರಾಂಗೆಲನ ದೇಹವನ್ನು ಹಾಗೇ ಬಿಟ್ಟರು. ಅದೀಗ ಯಾರದ್ದಾದರೂ ಆಗಬಹುದಿತ್ತು.

ತಲೆಯನ್ನು ಪಾದ್ರಿ ಸ್ಪಾಸ್ ಬೆಟ್ಟದ ಪುಟ್ಟ ಪ್ರಾರ್ಥನಾಮಂದಿರದ ಹಿಂದೆ ಮಂತ್ರ ಹೇಳಿ ಹೂಳಿದ. ಕಾಲುಚೀಲವನ್ನು ಸುಡು ಎಂದು ಲಾಂಬ್ರೋ ಮೂರು ಸಲ ಹೇಳಿದ. "ಸುಡ್ತೀನಿ," ಎಂದ ತ್ರಾಯನ್, ಸುಡಲಿಲ್ಲ. ಗೋರಿ ತೋರಿಸುವಂತಿಲ್ಲ, ಹೆಸರು ಬರೆಯುವಂತಿಲ್ಲ. ಆ ಹೆಂಗಸಿಗೆ ಕೈಯಲ್ಲಿ ಹಿಡಿಯಲು ಏನಾದರೂ ಬೇಡವೇ? ಸರಿಯೋ ತಪ್ಪೋ ಎಂದು ಆರು ದಿನ ಯೋಚಿಸಿ, ಏಳನೆಯ ದಿನ ಕಲಾಯಿಗಾರನ ವೇಷದಲ್ಲಿ ಗಾಬೆರ್‌ಗೆ ಹೋದ.

ಊರು ನಿಂತಿತ್ತು. ನಲವತ್ತೂ ಹೊಗೆಕಂಡಿಗಳಲ್ಲಿ ಅಡುಗೆಯ ಹೊಗೆ. ಬಾವಿಯ ಬಳಿ ಅವನು ನೆಲದಲ್ಲಿ ಗುಂಡಿ ತೋಡಿ ಕೆಂಡ ಮಾಡಿ ತಿದಿ ಒತ್ತುತ್ತ ಕೂತ. ಸರ್ಕಾರದ ಕಾವಲುಗಾರ ಎದುರು ಜಗಲಿಯ ಮೇಲೆ ಬಂದೂಕು ತೊಡೆಯ ಮೇಲಿಟ್ಟುಕೊಂಡು ಕುಂಬಳಬೀಜ ಬಿಡಿಸಿ ತಿನ್ನುತ್ತಿದ್ದ. ಹೆಂಗಸರು ತಾಮ್ರದ ಪಾತ್ರೆ ತಂದು ಚೌಕಾಸಿ ಮಾಡಿದರು. ಎರಡು ಜಡೆಯ ಹುಡುಗಿಯೊಬ್ಬಳ ಕೈಹಿಡಿದು ಬಂದವಳನ್ನು ಕಂಡೊಡನೆ ತ್ರಾಯನನಿಗೆ ಗೊತ್ತಾಯಿತು. ಮಗುವಿನ ಹುಬ್ಬು ರಾಂಗೆಲನದೇ.

"ಈ ಕಡಾಯಿಗೆ ಎಷ್ಟು ತಗೋತೀಯಪ್ಪ?" ಎಂದಳು ದಾಫಿನಾ.

ಅವನು ಬಗ್ಗಿ ಕಡಾಯಿಯ ತಳ ನೋಡುವವನಂತೆ ಮಾಡಿ, ಮೆಲ್ಲಗೆ ಹೇಳಿದ. "ಅಕ್ಕ, ನಾನು ತ್ರಾಯನ್. ಅವನ ತಮ್ಮ."

ಅವಳು ಮಗುವಿಗೆ, "ಹೋಗು, ಅಜ್ಜಿ ಹತ್ರ ಹೋಗು," ಎಂದಳು. ಮಗು ಹೋದ ಮೇಲೆ ನೆಲದ ಮೇಲೆ ಕೂತಳು. "ಯಾವಾಗ?"

"ಹೋದ ಸೋಮವಾರ. ಇವತ್ತಿಗೆ ಎಂಟು ದಿನ. ತಲೆ ಅವರಿಗೆ ಸಿಗಲಿಲ್ಲ. ಪಾದ್ರಿ ಮಣ್ಣು ಮಾಡಿದ."

ದಾಫಿನಾಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ವರ್ಷಗಟ್ಟಲೆ ಅಭ್ಯಾಸ ಮಾಡಿಟ್ಟುಕೊಂಡ ಮುಖ. ಕಡಾಯಿಯ ಅಂಚನ್ನು ಹಿಡಿದಿದ್ದ ಬೆರಳುಗಳು ಮಾತ್ರ ಬೆಳ್ಳಗಾದವು.

ತ್ರಾಯನ್ ತಿದಿಯ ಕೆಳಗಿನಿಂದ ಕಾಲುಚೀಲಗಳನ್ನು ತೆಗೆದು ಕಡಾಯಿಯೊಳಗೆ ಜಾರಿಸಿದ. "ನೀನು ಹೆಣೆದದ್ದು. ಬೇರೆ ಏನೂ ತರೋಕೆ ಆಗಲಿಲ್ಲ."

ಅವಳು ಕಡಾಯಿಯೊಳಗೆ ಕೈಯಿಟ್ಟು ಬಿಡಿಸಿದಳು. ಬಿಳಿ ಉಣ್ಣೆ, ಹಸಿರು ಎಲೆ. ಹಿಮ್ಮಡಿಯ ಹತ್ತಿರ ಬೆರಳಾಡಿಸಿದಳು, ಒಳಗೆ ಹೊರಗೆ ಮಾಡಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಇದು ನಂದಲ್ಲ."

"ಏನು?"

"ನಾನು ಹೆಣೆದದ್ದಲ್ಲ. ನಮ್ಮೂರಿಂದೇ ಅಲ್ಲ. ಎಲೆ ಹಾಕೋರು ಕ್ರುಷಾ ಊರಿನವರು." ಅವಳ ದನಿ ಕಲಾಯಿಯ ಬೆಲೆ ಕೇಳುವಷ್ಟೇ ಸಮನಾಗಿತ್ತು. "ಹೆಣಿಗೆ ಈ ಕಡೆಗೆ ತಿರುಗಿದೆ ನೋಡು. ಎಡಗೈಯವಳು. ತಾಳ್ಮೆಯವಳು. ನೂಲಿನ ಒಂದು ಕುಣಿಕೆಯೂ ಬಿಟ್ಟಿಲ್ಲ."

ತ್ರಾಯನನ ಕೈ ತಿದಿಯ ಮೇಲೆ ನಿಂತಿತು. ಹಾಗಾದರೆ ಸುಡಬಹುದಾಗಿದ್ದುದು ಕ್ರುಷಾ. ಉಳಿದದ್ದೂ ಕ್ರುಷಾ. ಅಲ್ಲಿಯೂ ಮನೆಗಳಿವೆ, ಹೆಣ್ಣುಮಕ್ಕಳಿದ್ದಾರೆ, ಲೆಕ್ಕ ಬದಲಾಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಜೋಳದ ಹೊಲದಲ್ಲಿ ಅವನು ನೆನೆದದ್ದು ಈ ಹೆಂಗಸನ್ನು. ಇವಳ ಹೆಸರು ಹೇಳಿಕೊಂಡೇ ಬಾಕು ಇಳಿಸಿದ್ದ.

"ಚಳಿಗಾಲದಲ್ಲಿ ಎಷ್ಟೋ ಮನೆಯವರು ನಮಗೆ ಕೊಡ್ತಾರೆ ಅಕ್ಕ," ಎಂದ. "ಯಾರೋ ಮುದುಕಿ ಕೊಟ್ಟಿರಬೇಕು."

"ಮುದುಕಿ ಕಣ್ಣಲ್ಲಿ ಹೆಣೆದದ್ದಲ್ಲ ಇದು. ಸುಳ್ಳು ಹೇಳೋಕೆ ಬರಲ್ಲ ನಿಂಗೆ, ಬಿಡು." ಅವಳು ಕಾಲುಚೀಲಗಳನ್ನು ಎತ್ತಿ ಕೆಂಡದ ಮೇಲಿಟ್ಟಳು. "ತಿದಿ ಒತ್ತು."

ಅವನು ಒತ್ತಿದ. ಹಸಿರು ಎಲೆಗಳು ಮುದುಡಿ ಕಪ್ಪಾದವು. ಸುಟ್ಟ ಉಣ್ಣೆಯ ಕಮಟು ಜಗಲಿಗೆ ಮುಟ್ಟಿತು.

"ಏನೇ ಅದು, ಏನು ಸೀಯ್ತಾ ಇದೆ?" ಎಂದು ಕಾವಲುಗಾರ ಕೂಗಿದ.

"ನಿನ್ನ ಮೀಸೆ ಮುಟ್ಟಿ ನೋಡ್ಕೊ, ಅದಕ್ಕೇ ಬೆಂಕಿ ಬಿದ್ದಿರಬೇಕು," ಎಂದಳು ದಾಫಿನಾ ತಿರುಗದೆಯೇ. ಬಾವಿಯ ಬಳಿಯ ಹೆಂಗಸರು ಕಿಸಕ್ಕೆಂದರು. ಕಾವಲುಗಾರ ಬೀಜದ ಸಿಪ್ಪೆ ಉಗುಳಿ ಇನ್ನೊಂದನ್ನು ಬಾಯಿಗೆ ಹಾಕಿಕೊಂಡ.

ತ್ರಾಯನ್ ಕಡಾಯಿ ತಿಕ್ಕಿದ, ನವಸಾಗರ ಹಾಕಿದ, ತವರ ಸವರಿದ. ತಾಮ್ರದ ಮೇಲೆ ಬೆಳ್ಳಿಯ ಬಣ್ಣ ಹರಡಿತು. ಅವಳು ಅಷ್ಟು ಹೊತ್ತೂ ಅಲ್ಲೇ ಕೂತಿದ್ದಳು. ಪಾತ್ರೆ ಎತ್ತಿಕೊಂಡು ಏಳುವಾಗ ಕೇಳಿದಳು: "ಇಲ್ಲಿಂದ ಎಲ್ಲಿಗೆ?"

"ಬೆಟ್ಟಕ್ಕೆ."

"ಮೊದಲು ಕ್ರುಷಾಕ್ಕೆ ಹೋಗು."

"ಯಾಕೆ?"

"ಯಾಕೆ ಅಂದ್ರೆ? ನಂಗೆ ಹೇಳೋಕೆ ನೀನು ಬಂದೆ. ಅವಳಿಗೆ ಯಾರು ಹೇಳ್ತಾರೆ?" ದಾಫಿನಾ ಕಡಾಯಿಯನ್ನು ಸೊಂಟಕ್ಕೆ ಏರಿಸಿಕೊಂಡಳು. "ಬರೋ ಚಳಿಗಾಲಕ್ಕೆ ಇನ್ನೊಂದು ಜೊತೆ ಶುರು ಮಾಡಿರ್ತಾಳೆ. ಎಡಗೈಯವಳು ಯಾರು ಅಂತ ಕೇಳು, ಹೇಳ್ತಾರೆ."

ಅವಳು ಮನೆಯ ಕಡೆ ನಡೆದಳು. ಕಾವಲುಗಾರನ ಮುಂದೆ ಹಾದುಹೋಗುವಾಗ ಅವನು ಏನೋ ಚೇಷ್ಟೆಯ ಮಾತಾಡಿದ; ಅವಳೂ ಏನೋ ತಿರುಗಿಸಿ ಕೊಟ್ಟಳು; ಅವನು ನಕ್ಕ. ತ್ರಾಯನ್ ಕೆಂಡಕ್ಕೆ ನೀರು ಸುರಿದು, ತಿದಿ ಮಡಿಸಿ ಬೆನ್ನಿಗೆ ಕಟ್ಟಿಕೊಂಡು, ಕ್ರುಷಾದ ದಾರಿ ಯಾವುದೆಂದು ಆ ಕಾವಲುಗಾರನನ್ನೇ ಕೇಳಿದ.